ಎರಡು ಹೊಳೆಗಳ ನಡುವೆ ಒಂದು ಗಜ ನೆಲ

ತೆಲಂಗಾಣದ ಗದ್ವಾಲದಿಂದ ಐಜದ ಕಡೆ ಹೊರಟರೆ ಮಲ್ದಕಲ್ ಊರು ಕಾಣುವ ಮೊದಲೇ ಊರಿನ ರೇಟು ಕಾಣಿಸುತ್ತದೆ. ಹತ್ತಿ ಹೊಲ ಮುಗಿದಲ್ಲಿ ಗಡಿಗಲ್ಲುಗಳ ಸಾಲು ಶುರುವಾಗುತ್ತದೆ. ಬಣ್ಣ ಬಳಿದ ಕಲ್ಲು, ಅದರ ಮೇಲೆ ಪ್ಲಾಟ್ ನಂಬರು, ರಸ್ತೆ ಬದಿಗೆ ತೆಲುಗು ಅಕ್ಷರದ ದೊಡ್ಡ ಫಲಕ. ಕಲ್ಲುಗಳ ಬಣ್ಣ ಮಾಸಿ, ನಡುವೆ ಜಾಲಿ ಕಂಟಿ ಎದೆಮಟ್ಟ ಬೆಳೆದಿದ್ದರೆ ಆ ವೆಂಚರ್ (ಲೇಔಟಿಗೆ ಇಲ್ಲಿಯ ಹೆಸರು) ಹಳೆಯದು, ಕೊಂಡವರು ಬೇರೆ ಊರಿನವರು, ಮನೆ ಕಟ್ಟುವ ಆತುರ ಯಾರಿಗೂ ಇಲ್ಲ. ಮೊರಂ ಮಣ್ಣು ಹೊಸದಾಗಿ ಬಿದ್ದು ಕರೆಂಟಿನ ಕಂಬ ನೆಟ್ಟಿದ್ದರೆ ಮಾರಾಟ ಈಗ ನಡೆದಿದೆ. ಎರಡು ಪ್ಲಾಟಿನಲ್ಲಾದರೂ ಇಟ್ಟಿಗೆ ಗೋಡೆ ಎದ್ದಿದ್ದರೆ ಮಾತ್ರ ಅಲ್ಲಿ ಊರು ಬೆಳೆಯುತ್ತಿದೆ ಎನ್ನಬಹುದು. ಬೆಲೆ ಕೇಳುವ ಮೊದಲು ಈ ಮೂರನ್ನೂ ಕಣ್ಣಿನಿಂದ ನೋಡಿಕೊಳ್ಳಬೇಕು. ಫಲಕದಲ್ಲಿ ಬರೆಯದ ಮಾತೆಲ್ಲ ಅಲ್ಲೇ ಇರುತ್ತದೆ.

ಮನೆ, ನಿವೇಶನಗಳ ಬೆಲೆ ಏರಿಳಿತವನ್ನು ಲೆಕ್ಕವಿಟ್ಟು ನೋಡುವ ಕೆಲಸ ನಮ್ಮಲ್ಲಿ ದೊಡ್ಡ ಊರುಗಳ ಪಾಲಾಗಿದೆ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ಬಹುಕಾಲ 10 ನಗರಗಳದ್ದೇ ಆಗಿತ್ತು. ಬೆಂಗಳೂರು ಅದರಲ್ಲಿತ್ತು, ಕಡಲ ದಂಡೆಯಿಂದ ಮುಂಬೈ, ಚೆನ್ನೈ, ಕೊಚ್ಚಿ ಇದ್ದವು. ಕರಾವಳಿಯ ಮನೆ ಬೆಲೆ ಎಂದರೆ ಕಡಲು, ರಸ್ತೆ, ಪ್ರವಾಸಿಗರು, ಕೊರೆತ ಎಲ್ಲವನ್ನೂ ಕೂಡಿಸಿ ಕಳೆದ ಲೆಕ್ಕ. ಮಲ್ದಕಲ್‌ಗೆ ಕಡಲಿಲ್ಲ, ಆದರೆ ಈ ಸೀಮೆಗೂ ದಂಡೆಗಳಿವೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವಿನ ನೆಲಕ್ಕೆ ನಡಿಗಡ್ಡ ಎಂದು ಹೆಸರು. ಇಲ್ಲಿ ನೆಲದ ಬೆಲೆಯನ್ನು ಏರಿಸುವುದೂ ನೀರೇ, ಇಳಿಸುವುದೂ ನೀರೇ. ಯಾವ ಸೂಚ್ಯಂಕವೂ ಈ ಕಡೆ ತಿರುಗಿ ನೋಡದಿರುವುದರಿಂದ ನೋಡುವ ಕೆಲಸವನ್ನು ಊರವರೇ ಮಾಡಿಕೊಳ್ಳಬೇಕು. ಅದು ಆಗದ ಕೆಲಸವೇನಲ್ಲ ಎಂಬುದು ಇಲ್ಲಿ ಓಡಾಡಿದ ಮೇಲೆ ನನಗೆ ಖಾತ್ರಿಯಾಗಿದೆ.

ಬಸ್ ನಿಲ್ಲುವ ಕಡೆಯ ಚಹಾದಂಗಡಿಯಲ್ಲಿ ತೆಲುಗು ಬೆರೆತ ಕನ್ನಡದಲ್ಲಿ ಮಾತು ಹೊರಡುತ್ತದೆ. ಗಟ್ಟು, ಕೆ.ಟಿ. ದೊಡ್ಡಿ ಕಡೆಯವರು, ರಾಯಚೂರಿನಲ್ಲಿ ಬೀಗರಿರುವವರು ಇಲ್ಲಿ ಬಹಳ.

‘ಅಣ್ಣಾ, ಇಲ್ಲಿ ಗಜಕ್ಕ ಎಷ್ಟು ನಡದೈತ್ರೀ?’

‘ನೀವು ಕೊಳ್ಳೋರೇನು, ಮಾರೋರೇನು? ಅದನ್ನ ಮೊದಲು ಹೇಳ್ರಿ.’

ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಮಾತು ಸೇರಿಸಿದರು. ‘ರೋಡಿಗೆ ಹಚ್ಚಿದ್ದು ಬ್ಯಾರೆ, ಎರಡನೇ ಸಾಲು ಬ್ಯಾರೆ. ಮೂಡಲ ಮುಖ ಇದ್ರ ಮತ್ತ ಬ್ಯಾರೆ. ಸುಮ್ಮನ ಎಷ್ಟು ಅಂದ್ರ ಏನು ಹೇಳೋದು ತಮ್ಮಾ?’

ಅವರ ಮಾತು ತಪ್ಪಿಸಿಕೊಳ್ಳುವ ಮಾತಲ್ಲ. ಸಣ್ಣ ಊರಿನಲ್ಲಿ ಒಂದೇ ರೇಟು ಇರುವುದಿಲ್ಲ. ಮಾರುವವ ಕೇಳುವುದು ಒಂದು, ದಲ್ಲಾಳಿ ಹೇಳುವುದು ಇನ್ನೊಂದು, ಬಯಾನಾ ಕೊಟ್ಟು ಮುಗಿದದ್ದು ಮತ್ತೊಂದು, ಕಾಗದದ ಮೇಲೆ ಏರಿದ್ದು ಕಡೆಯದು. ಅಂಗಡಿಯಲ್ಲಿ ಕೇಳಿದ ಅಂಕಿಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವು ಮಾರುವವರ ಆಸೆಯ ಅಂಕಿಗಳು. ಅಚ್ಚಿನಲ್ಲಿ ಬಂದರೆ ನಾಳೆ ಅದನ್ನೇ ತೋರಿಸಿ ಯಾರೋ ಯಾರನ್ನೋ ಒಪ್ಪಿಸುತ್ತಾರೆ.

ರಾಯಚೂರಿನಿಂದ ಬಂದವರು ಮೊದಲು ಎಡವುವುದು ಅಳತೆಯಲ್ಲಿ. ನಮ್ಮಲ್ಲಿ ಸೈಟು ಎಂದರೆ ಮೂವತ್ತು-ನಲವತ್ತು, ಅಂದರೆ 1200 ಚದರಡಿ. ಇಲ್ಲಿ ಲೆಕ್ಕ ಗಜದ್ದು, ಒಂದು ಗಜಕ್ಕೆ 9 ಚದರಡಿ. ನಮ್ಮ ಮೂವತ್ತು-ನಲವತ್ತು ಇಲ್ಲಿ 133 ಗಜ ಚಿಲ್ಲರೆ. ಒಂದು ಗುಂಟೆಗೆ 121 ಗಜ, ಎಕರೆಗೆ 4840. ಮಂಗಳೂರು, ಉಡುಪಿಯ ಕಡೆಯವರಿಗೆ ಸೆಂಟ್ಸ್ ಲೆಕ್ಕ, ಒಂದು ಸೆಂಟ್ಸಿಗೆ 48.4 ಗಜ. ಎಕರೆ ಲೆಕ್ಕದಲ್ಲಿ ಹೊಲ ಕೊಂಡು ಗಜದ ಲೆಕ್ಕದಲ್ಲಿ ಮಾರುವುದೇ ಈ ವ್ಯಾಪಾರದ ಜೀವ. ರಸ್ತೆಗಳಿಗೆ, ಖಾಲಿ ಜಾಗಕ್ಕೆ ಬಿಟ್ಟು ಎಕರೆಗೆ ಎಷ್ಟು ಗಜ ಮಾರಾಟಕ್ಕೆ ಉಳಿಯಿತು ಎಂದು ಕೇಳಿ. ಹೆಚ್ಚು ಉಳಿಸಿಕೊಂಡವನ ರಸ್ತೆ ಕಿರಿದು, ಪಾರ್ಕು ಇಲ್ಲ. ಅಂಥ ಲೇಔಟಿಗೆ ಮಂಜೂರಾತಿ ಇರುವುದೂ ಅನುಮಾನ.

ರಸ್ತೆ ಬಿಟ್ಟು ಗುಡಿಯ ಕಡೆ ನಡೆದರೆ ಊರಿನ ಹಳೆಯ ಭಾಗ. ಮಲ್ದಕಲ್ ತಿಮ್ಮಪ್ಪ ಎಂದರೆ ಗದ್ವಾಲ ಸೀಮೆಗೆಲ್ಲ ಮನೆದೇವರು, ರಾಯಚೂರು ಕಡೆಯಿಂದಲೂ ನಡೆದುಕೊಳ್ಳುವವರಿದ್ದಾರೆ. ಸ್ವಯಂಭು ಲಕ್ಷ್ಮೀ ವೆಂಕಟೇಶ್ವರ ಎಂಬುದು ಪೂರ್ತಿ ಹೆಸರು. ಜಾತ್ರೆಯ ದಿನಗಳಲ್ಲಿ ಗುಡಿಯ ಮುಂದಿನ ಗೇಣು ಜಾಗಕ್ಕೂ ಬಾಡಿಗೆ ಹುಟ್ಟುತ್ತದೆ. ಹಿಂದಿನ ಓಣಿಗಳಲ್ಲಿ ಕಲ್ಲುಗೋಡೆಯ ಮಾಳಿಗೆ ಮನೆಗಳು, ಮುಂದೆ ಕಟ್ಟೆ, ಪಕ್ಕದಲ್ಲಿ ದನದ ಕೊಟ್ಟಿಗೆ. ಅಲ್ಲಲ್ಲಿ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿದ್ದಾರೆ. ಈ ಓಣಿಗಳು ಗ್ರಾಮಕಂಠದ ನೆಲ. ಸರ್ವೆ ನಂಬರಿಲ್ಲ, ಪಂಚಾಯತಿಯ ಮನೆ ನಂಬರು ಮತ್ತು ತೆರಿಗೆ ರಸೀದಿಯೇ ಆಧಾರ. ಇಲ್ಲಿಯ ಮನೆಗಳು ಅಪರೂಪಕ್ಕೆ ಮಾರಾಟಕ್ಕೆ ಬರುತ್ತವೆ. ಕೈ ಬದಲಾದರೂ ಅದು ಅಣ್ಣತಮ್ಮಂದಿರ ಭಾಗ, ಇಲ್ಲವೇ ಪಕ್ಕದ ಮನೆಯವರು ಗೋಡೆ ಸೇರಿಸಿಕೊಳ್ಳಲು ಕೊಂಡದ್ದು. ಪಕ್ಕದವನು ಕೊಡುವ ಬೆಲೆಯಲ್ಲಿ ಹಟವೂ ಸೇರಿರುತ್ತದೆ, ಮಮತೆಯೂ ಸೇರಿರುತ್ತದೆ. ಅದನ್ನು ಊರಿನ ರೇಟೆಂದು ಹಿಡಿಯುವಂತಿಲ್ಲ.

ಬಾಯಿಮಾತು ಬಿಟ್ಟು ಕಾಗದಕ್ಕೆ ಬರೋಣ. ತೆಲಂಗಾಣದಲ್ಲಿ ನೆಲಕ್ಕೆ ಎರಡು ಬಾಗಿಲು. 2020ರ ಅಕ್ಟೋಬರ್ 29ರಂದು ಧರಣಿ ಎಂಬ ಭೂದಾಖಲೆ ಪೋರ್ಟಲ್ ಬಂದಾಗಿನಿಂದ ಹೊಲದ ನೋಂದಣಿ ಆಯಾ ಮಂಡಲದ ತಹಶೀಲ್ದಾರ್ ಕಚೇರಿಯಲ್ಲೇ ಆಗುತ್ತದೆ. ಮಲ್ದಕಲ್ ಹೊಲ ಮಲ್ದಕಲ್‌ನಲ್ಲೇ ಬರೆಸಬಹುದು. ಮನೆ, ಪ್ಲಾಟು ಮಾತ್ರ ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ. ಧರಣಿಯ ತಕರಾರುಗಳು ಬೆಟ್ಟವಾದ ಮೇಲೆ 2025ರ ಏಪ್ರಿಲ್ 14ರಂದು ಅದರ ಜಾಗಕ್ಕೆ ಭೂಭಾರತಿ ಬಂತು. ಅದನ್ನು ಮೊದಲು ಪರೀಕ್ಷೆಗೆ ಹಚ್ಚಿದ ನಾಲ್ಕು ಮಂಡಲಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದು. ಒಂದೇ ನೆಲ ಹೊಲವಾಗಿದ್ದಾಗ ಒಂದು ಕಚೇರಿಯಲ್ಲಿ, ನಾಲಾ, ಅಂದರೆ ಕೃಷಿಯೇತರ ನೆಲವಾಗಿ ಪರಿವರ್ತನೆಯಾಗಿ ಪ್ಲಾಟಾದ ಮೇಲೆ ಇನ್ನೊಂದು ಕಚೇರಿಯಲ್ಲಿ ಮಾತಾಡುತ್ತದೆ. ಎರಡೂ ಕಡೆಯ ಕಾಗದ ಓದದೆ ಅದರ ಬೆಲೆಯ ಚರಿತ್ರೆ ಪೂರ್ತಿಯಾಗುವುದಿಲ್ಲ.

ಸರ್ಕಾರಿ ರೇಟು ಎಂದು ಜನ ಕರೆಯುವ ಮಾರುಕಟ್ಟೆ ಮೌಲ್ಯ 2013ರ ನಂತರ ಬಹಳ ವರ್ಷ ಅಲುಗಲೇ ಇಲ್ಲ. 2021ರ ಜುಲೈನಲ್ಲಿ ಅಲುಗಿತು. ಹೊಲಕ್ಕೆ ಎಕರೆಗೆ ಕನಿಷ್ಠ 75,000 ರೂಪಾಯಿ ಎಂದಾಯಿತು, ಖಾಲಿ ನಿವೇಶನದ ಕನಿಷ್ಠ ದರ ಗಜಕ್ಕೆ 100 ಇದ್ದದ್ದು 200 ಆಯಿತು. ಜೊತೆಗೆ ನೋಂದಣಿಯ ಒಟ್ಟು ಖರ್ಚು ಶೇ 6ರಿಂದ 7.5ಕ್ಕೆ ಏರಿತು. 2022ರ ಫೆಬ್ರುವರಿ 1ರಿಂದ ಇನ್ನೊಮ್ಮೆ ಏರಿಕೆ. ಹೊಲಕ್ಕೆ ಶೇ 50, ನಿವೇಶನಕ್ಕೆ ಶೇ 35ರವರೆಗೆ. ಗಡಿಯಾಚೆ ನಮ್ಮ ಕರ್ನಾಟಕದಲ್ಲಿ 2023ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ದರ ಏರಿತು, 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ 2 ಆಯಿತು. ಮುದ್ರಾಂಕ, ಸೆಸ್ಸು ಸೇರಿದರೆ ರಾಯಚೂರಿನಲ್ಲಿ ಬರೆಸಿದರೂ ಗದ್ವಾಲದಲ್ಲಿ ಬರೆಸಿದರೂ ಈಗ ಖರ್ಚು ಹೆಚ್ಚುಕಡಿಮೆ ಸಮ. ಆ ಕಡೆ ಅಗ್ಗ, ಈ ಕಡೆ ತುಟ್ಟಿ ಎಂಬ ಹಳೆಯ ಮಾತು ನಡೆಯುವುದಿಲ್ಲ.

ಸರ್ಕಾರಿ ರೇಟು ಏರಿದ ಮಾತ್ರಕ್ಕೆ ಊರಿನ ರೇಟು ಏರಿತು ಎಂದಲ್ಲ. ಸರ್ಕಾರ ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ನೆಗೆಯುತ್ತದೆ, ಊರು ದಿನಾ ಒಂದಿಷ್ಟು ಸರಿದಾಡುತ್ತದೆ. ಇವೆರಡರ ನಡುವೆ ತಕ್ಕಮಟ್ಟಿಗೆ ನಂಬಬಹುದಾದ ಒಂದು ಕಾಗದವಿದೆ. ಅದು ಇಸಿ, ಋಣಭಾರ ಪತ್ರ. ಸಾಲ ಇದೆಯೋ ಇಲ್ಲವೋ ನೋಡಲು ಮಾತ್ರ ಇದು ಬೇಕು ಎಂದು ಜನ ತಿಳಿದಿದ್ದಾರೆ. ತೆಲಂಗಾಣದ ಇಸಿಯಲ್ಲಿ ಪ್ರತಿ ವ್ಯವಹಾರದ ಎದುರು ಎರಡು ಮೊತ್ತ ಇರುತ್ತವೆ. ಒಂದು ಸರ್ಕಾರಿ ಮೌಲ್ಯ, ಇನ್ನೊಂದು ಕೊಟ್ಟುಕೊಂಡ ಪ್ರತಿಫಲ ಎಂದು ಪತ್ರದಲ್ಲಿ ಬರೆಸಿದ ಮೊತ್ತ. 1983ರಿಂದ ಈಚಿನದು ನೋಂದಣಿ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ನೀವು ಕೊಳ್ಳಬೇಕೆಂದಿರುವ ಪ್ಲಾಟಿನದೊಂದೇ ತೆಗೆಸಬೇಡಿ. ಅದೇ ಸರ್ವೆ ನಂಬರಿನ ಅಕ್ಕಪಕ್ಕದ ಪ್ಲಾಟುಗಳದ್ದೂ ತೆಗೆಸಿ, ತಾರೀಖಿನ ಪ್ರಕಾರ ಜೋಡಿಸಿ, ಮೊತ್ತವನ್ನು ಗಜದಿಂದ ಭಾಗಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಾನಪತ್ರ, ಭಾಗಪತ್ರಗಳನ್ನು ಬಿಟ್ಟು ಕ್ರಯಪತ್ರ ಮಾತ್ರ ಹಿಡಿಯಿರಿ. ಹತ್ತು ಸಾಲು ಬರೆಯುವಷ್ಟರಲ್ಲಿ ಆ ವೆಂಚರಿನ ಬೆಲೆ ಏರಿದೆಯೋ, ನಿಂತಿದೆಯೋ, ಒಬ್ಬನೇ ತನ್ನವರ ಹೆಸರಿಗೆ ಬರೆಸಿ ಏರಿಸಿ ತೋರಿಸುತ್ತಿದ್ದಾನೋ ಗೊತ್ತಾಗುತ್ತದೆ. ನಡಿಗಡ್ಡಕ್ಕೆ ಬೇಕಾದ ಸೂಚ್ಯಂಕ ಇಷ್ಟೇ. ಹೈಸ್ಕೂಲು ಓದಿದ ಮಗಳೊಬ್ಬಳು ಮನೆಯಲ್ಲಿದ್ದರೆ ಸಾಕು, ಮಾಡಬಹುದು.

ಲೇಔಟ್ ಕಾಗದವನ್ನೂ ಇದರ ಜೊತೆಗೇ ನೋಡಬೇಕು. ಅನುಮತಿಯಿಲ್ಲದ ಲೇಔಟಿನ ಪ್ಲಾಟುಗಳನ್ನು ಸಕ್ರಮ ಮಾಡಲು 2020ರ ಎಲ್‌ಆರ್‌ಎಸ್ ಯೋಜನೆಯಲ್ಲಿ ರಾಜ್ಯದಾದ್ಯಂತ 25 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಆ ಯೋಜನೆಗೆ ಆ ವರ್ಷದ ಆಗಸ್ಟ್ 26 ಗೆರೆ. 2025ರಲ್ಲಿ ಶುಲ್ಕದಲ್ಲಿ ಶೇ 25 ರಿಯಾಯಿತಿ ಕೊಟ್ಟು ಮತ್ತೆ ಕರೆದರು. ಒಂದೇ ರಸ್ತೆಯ ಎರಡು ಪ್ಲಾಟುಗಳ ಬೆಲೆಯಲ್ಲಿ ಅಜಗಜಾಂತರ ಕಂಡರೆ ಮೊದಲು ಈ ಕಾಗದ ಕೇಳಿ. ಅಗ್ಗಕ್ಕೆ ಬಂದದ್ದು ಎಂದು ಹಿಗ್ಗಿದವರ ಎಷ್ಟೋ ಮನೆಗಳು ತಳಪಾಯದ ಹಂತದಲ್ಲೇ ನಿಂತಿವೆ.

ಇಸಿಯ ಮೊತ್ತ ಬೆಲೆಯ ದಿಕ್ಕು ತೋರಿಸೀತು, ಪೂರ್ತಿ ಬೆಲೆಯನ್ನಲ್ಲ. ಇಲ್ಲಿ ನನ್ನನ್ನು ಬಹಳ ಕಾಡಿದ ವಿಷಯವೂ ಅದೇ. ಊರೂರಲ್ಲಿ ನೆಲ ಮಾರುವುದು ಒಂದು ಬೆಲೆಗೆ, ಬರೆಸುವುದು ಅದಕ್ಕಿಂತ ಬಹಳ ಕಡಿಮೆಗೆ. ಉಳಿದದ್ದು ಕೈಯಿಂದ ಕೈಗೆ. ಕೊಳ್ಳುವವನಿಗೆ ಮುದ್ರಾಂಕ ಉಳಿಯಿತು, ಮಾರುವವನಿಗೆ ತೆರಿಗೆ ಉಳಿಯಿತು, ಇಬ್ಬರಿಗೂ ನೆಮ್ಮದಿ. ಆ ನೆಮ್ಮದಿ ಎಷ್ಟು ದುಬಾರಿ ಎಂಬುದು ಹೆದ್ದಾರಿ ಬಂದಾಗ ತಿಳಿಯುತ್ತದೆ. ಅಕ್ಕಲಕೋಟೆಯಿಂದ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳನ್ನು ಹಾದು ಕರ್ನೂಲಿಗೆ ಹೋಗುವ ಆರು ಪಥದ ಹೊಸ ಹೆದ್ದಾರಿ ಗದ್ವಾಲ ಜಿಲ್ಲೆಯನ್ನು ಸೀಳಿಕೊಂಡೇ ಹೋಗಬೇಕು. 2013ರ ಭೂಸ್ವಾಧೀನ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ನೆಲದ ಮೌಲ್ಯ ಕಟ್ಟುವಾಗ ಸರ್ಕಾರಿ ರೇಟನ್ನೂ ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ಆದ ಕ್ರಯಪತ್ರಗಳನ್ನೂ ನೋಡುತ್ತಾರೆ. ಆ ಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಆರಿಸಿ ಸರಾಸರಿ ತೆಗೆಯುತ್ತಾರೆ. ಎರಡರಲ್ಲಿ ಯಾವುದು ಹೆಚ್ಚೋ ಅದೇ ಬುನಾದಿ. ಹಳ್ಳಿಗಾಡಿನಲ್ಲಿ ಅದನ್ನು 1ರಿಂದ 2ರವರೆಗಿನ ಗುಣಕದಿಂದ ಗುಣಿಸಿ, ಬಂದದ್ದಕ್ಕೆ ಮತ್ತೆ ಅಷ್ಟೇ ಪರಿಹಾರ ಸೇರಿಸಬೇಕು. ಕಾನೂನು ರೈತನ ಕಡೆಗೇ ಇದೆ. ಆದರೆ ಬುನಾದಿಯೇ ಕುಗ್ಗಿದ್ದರೆ?

ಲೆಕ್ಕ ಹಾಕಿ ನೋಡಿ. ನಿಜವಾಗಿ 12 ಲಕ್ಷಕ್ಕೆ ಮಾರಿದ ಎಕರೆಯನ್ನು 4 ಲಕ್ಷ ಎಂದು ಬರೆಸಿದರು ಎನ್ನಿ. ಉಳಿದ 8 ಲಕ್ಷಕ್ಕೆ ಶೇ 7.5ರಂತೆ 60,000 ರೂಪಾಯಿ ಉಳಿಯಿತು. ನಾಳೆ ಪಕ್ಕದ ಎಕರೆ ಹೆದ್ದಾರಿಗೆ ಹೋಯಿತು. ಗುಣಕ 1 ಎಂದೇ ಹಿಡಿದರೂ 4 ಲಕ್ಷದ ಬುನಾದಿಗೆ ಬರುವುದು 8 ಲಕ್ಷ, 12 ಲಕ್ಷದ ಬುನಾದಿಗೆ 24 ಲಕ್ಷ. ಯಾರೋ ಉಳಿಸಿದ ಅರವತ್ತು ಸಾವಿರಕ್ಕೆ ಇನ್ನೊಬ್ಬರ ಹದಿನಾರು ಲಕ್ಷ ಹೋಯಿತು. ಅವರು ಕುಡಗೋಲು ಹಿಡಿದ ಕೈಯಲ್ಲೇ ಅರ್ಜಿ ಹಿಡಿದು ಕಲೆಕ್ಟರ್ ಕಚೇರಿಗೆ ಅಲೆಯುತ್ತಾರೆ. ‘ನಮ್ಮ ಕಡೆ ಎಕರೆಗೆ ಹನ್ನೆರಡು ನಡದೈತಿ’ ಎಂದರೆ ಅಧಿಕಾರಿ ಕೇಳುವುದು ಒಂದೇ ಮಾತು, ‘ಪತ್ರ ತೋರಿಸು.’ ಪತ್ರವಿಲ್ಲ. ಬೆಲೆಯನ್ನು ಮುಚ್ಚಿಟ್ಟ ಊರಿಗೆ ಬೆಲೆ ಸಾಬೀತು ಮಾಡುವ ದಾರಿಯೇ ಇರುವುದಿಲ್ಲ. ಇದನ್ನು ಪಂಚಾಯತಿ ಕಟ್ಟೆಗಳಲ್ಲಿ ಕೂತು ಹೇಳಬೇಕಾದವರು ಹೇಳುತ್ತಿಲ್ಲ ಎಂಬುದು ನನ್ನ ಸಂಕಟ.

ಹೆದ್ದಾರಿ ಹಾದರೆ ಅಕ್ಕಪಕ್ಕದ ನೆಲಕ್ಕೆ ಬಂಗಾರದ ಬೆಲೆ ಎಂದು ದಲ್ಲಾಳಿಗಳು ಹೇಳುತ್ತಾರೆ. ಈ ರಸ್ತೆಗೆ ಎಲ್ಲೆಂದರಲ್ಲಿ ಹತ್ತುವ ಹಾಗಿಲ್ಲ, ಏರಿಳಿಯುವ ಜಾಗಗಳು ಗೊತ್ತುಪಡಿಸಿದಷ್ಟೇ. ಅವುಗಳಿಂದ ದೂರದ ಹೊಲಕ್ಕೆ ಹೆದ್ದಾರಿ ಒಂದು ಗೋಡೆ ಮಾತ್ರ.

ಇನ್ನು ದುಡ್ಡು ಎಲ್ಲಿಂದ ಬರುತ್ತದೆ? ಮಲ್ದಕಲ್ ಸುತ್ತಿನ ಹೊಲಗಳಲ್ಲಿ ಬೆಳೆಯುವುದು ಬರೀ ಹತ್ತಿಯಲ್ಲ, ಹತ್ತಿಯ ಬೀಜ. ಗದ್ವಾಲ ಸೀಮೆ ಹೈಬ್ರಿಡ್ ಹತ್ತಿ ಬೀಜೋತ್ಪತ್ತಿಗೆ ಹೆಸರಾದದ್ದು. ಮಳೆಗಾಲದ ಕೊನೆಯಲ್ಲಿ ಬೆಳಗಿನಿಂದ ಹೆಂಗಸರು ಹೂ ಹೂವಿಗೂ ಕ್ರಾಸಿಂಗ್ ಮಾಡುತ್ತಾರೆ. ಬೀಜವು ಆರ್ಗನೈಸರ್ ಎಂಬ ಮಧ್ಯವರ್ತಿಯ ಮೂಲಕ ಕಂಪನಿಗೆ ಹೋಗುತ್ತದೆ, ಶುದ್ಧತೆ ತಿಳಿಯಲು ಜಿಓಟಿ ಪರೀಕ್ಷೆ ನಡೆಯುತ್ತದೆ, ಪಾಸಾದರೆ ತಿಂಗಳುಗಳ ಮೇಲೆ ಹಣ. ಫೇಲಾದರೆ ಬೀಜದ ಬೆಲೆ ಸಿಗುವುದಿಲ್ಲ. ಈ ಹಣ ಕೈಗೆ ಬಂದ ವರ್ಷ ಪ್ಲಾಟು ಕೊಳ್ಳುತ್ತಾರೆ, ಮನೆಗೆ ಸ್ಲ್ಯಾಬ್ ಹಾಕಿಸುತ್ತಾರೆ. ಬಾಕಿ ನಿಂತ ವರ್ಷ ಬಯಾನಾ ಕೊಟ್ಟ ಪ್ಲಾಟು ಕೈಬಿಡುತ್ತಾರೆ, ಕೆಲವರು ಕೊಂಡದ್ದನ್ನೇ ಮಾರುತ್ತಾರೆ. ಬೆಲೆ ಹಿಂಬಾಲಿಸುವವರು ಹೈದರಾಬಾದಿನ ಸುದ್ದಿಗಿಂತ ಬೀಜದ ಬಾಕಿಯ ಸುದ್ದಿಗೆ ಕಿವಿಗೊಡಬೇಕು ಎಂದು ನಾನು ಹೇಳುವುದು ಅದಕ್ಕೆ.

ಈ ಬೀಜಕ್ಕೆ ನೀರು ಬೇಕು. ಜೂರಾಲ ಅಣೆಕಟ್ಟು 1995ರಲ್ಲಿ ನಾಡಿಗೆ ಅರ್ಪಿತವಾದದ್ದು, ಅಲ್ಲಿಂದ ನೀರೆತ್ತುವ ನೆಟ್ಟೆಂಪಾಡು ಯೋಜನೆ 2 ಲಕ್ಷ ಎಕರೆಯ ಗುರಿ ಇಟ್ಟುಕೊಂಡದ್ದು. ಕಾಲುವೆ ಎಲ್ಲಿ ಮುಟ್ಟಿದೆಯೋ ಅಲ್ಲಿ ಹೊಲ ಮಾರಾಟಕ್ಕಿಲ್ಲ, ಎಲ್ಲಿ ಮುಟ್ಟಿಲ್ಲವೋ ಅಲ್ಲಿ ಗಡಿಗಲ್ಲು ನೆಟ್ಟಿರುತ್ತಾರೆ. 2013ರಲ್ಲಿ ರಾಯಚೂರು–ಗದ್ವಾಲ ರೈಲು ಬಂತು, 2016ರ ಅಕ್ಟೋಬರ್ 11ರಂದು ಗದ್ವಾಲ ಜಿಲ್ಲಾ ಕೇಂದ್ರವಾಯಿತು. ಜಿಲ್ಲೆಯಾದರೆ ಕಚೇರಿ, ಕಚೇರಿ ಬಂದರೆ ಬಾಡಿಗೆ ಮನೆ. ಆ ಬಿಸಿ ಗದ್ವಾಲದಿಂದ ಹೊರಟು ಮಲ್ದಕಲ್ ರಸ್ತೆಯವರೆಗೂ ಹಬ್ಬಿದ್ದು ಈ ಫಲಕಗಳಿಂದಲೇ ತಿಳಿಯುತ್ತದೆ.

ನೀರು ಬೆಲೆ ಇಳಿಸುವುದನ್ನು ನೋಡಬೇಕಾದರೆ ದಂಡೆಗೇ ಹೋಗಬೇಕು. ಗದ್ವಾಲ ಮಂಡಲದ ಗುರ್ರಂಗಡ್ಡ ಕೃಷ್ಣೆಯ ನಡುವಿನ ನಡುಗಡ್ಡೆ. ರಾಯಚೂರು ತಾಲೂಕಿನ ಕುರುವಪುರದ ಹಾಗೆ ಸುತ್ತಲೂ ನೀರು. ಸೇತುವೆಗಾಗಿ ವರ್ಷಗಟ್ಟಲೆ ಕಾದ ಊರು ಅದು. ಮಣ್ಣು ಫಲವತ್ತು, ಆದರೆ ಹೊಳೆ ತುಂಬಿದಾಗ ಬಸುರಿಯನ್ನು ಆಸ್ಪತ್ರೆಗೆ ದಾಟಿಸುವುದು ಹೇಗೆ ಎಂಬ ಪ್ರಶ್ನೆ ಇರುವ ಕಡೆ ಹೊರಗಿನವರು ಮನೆ ಕೊಳ್ಳುವುದಿಲ್ಲ. ಅಂಥ ಊರಿಗೆ ಸೇತುವೆಯೇ ಬೆಲೆ.

ತುಂಗಭದ್ರೆಯ ಕಡೆ ರಾಜೋಳಿ. ನೇಕಾರರ ಊರು. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಕೃಷ್ಣೆ, ತುಂಗಭದ್ರೆಗಳು ಒಟ್ಟಿಗೆ ಉಕ್ಕಿದಾಗ ಕರ್ನೂಲು ಮುಳುಗಿತು, ಆಲಂಪುರ ಮುಳುಗಿತು, ರಾಜೋಳಿಯ ಮನೆಗಳೂ ಮಗ್ಗಗಳೂ ನೀರು ಪಾಲಾದವು. ನೇಕಾರನ ಮನೆ ವಾಸಕ್ಕಷ್ಟೇ ಅಲ್ಲ, ದುಡಿಮೆಗೂ ಅದೇ. ಮಗ್ಗದ ಗುಂಡಿ ನೆಲದೊಳಗೇ ಇರುತ್ತದೆ, ಎತ್ತರದ ಹೊಸ ಜಾಗ ಕೊಟ್ಟರೂ ಮಗ್ಗ ಕೂಡುವಂಥ ಮನೆ ಮತ್ತೆ ಮೊದಲಿನಿಂದ ಕಟ್ಟಬೇಕು. ಹಾಗಾಗಿ ಮುಳುಗಿದ ಊರಿನ ಮನೆಯ ಬೆಲೆಯನ್ನು ಗಜದ ಲೆಕ್ಕದಲ್ಲಿ ಹಿಡಿಯಲಾಗದು.

ಕಡಲ ದಂಡೆಗೆ ಈ ಭಯ ಕಾಯಂ. ಉಳ್ಳಾಲ, ಸೋಮೇಶ್ವರ ಕಡೆ ಅಲೆಗಳು ಮನೆಗಳನ್ನು ನುಂಗಿದ್ದನ್ನು ಕಂಡವರಿದ್ದಾರೆ. ಅಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಿಂದಲೇ ಇದೆ. 2011, 2019ರಲ್ಲಿ ಬದಲಾಯಿತು. ದಂಡೆಯಿಂದ ಎಷ್ಟು ದೂರದೊಳಗೆ ಕಟ್ಟಬಾರದು ಎಂಬುದು ಕೊಳ್ಳುವವರಿಗೆ ಬಾಯಿಪಾಠ, ಸಿಆರ್‌ಜೆಡ್ ಎಂದರೆ ಮೀನುಗಾರರ ಮಕ್ಕಳಿಗೂ ಗೊತ್ತು. ಹೊಳೆ ದಂಡೆಗೂ ಕಾನೂನಿದೆ. 2012ರ ಕಟ್ಟಡ ನಿಯಮದ ಪ್ರಕಾರ ತೆಲಂಗಾಣದಲ್ಲಿ ಪಟ್ಟಣದ ಮಿತಿಯ ಹೊರಗೆ ನದಿಯ ಗಡಿಯಿಂದ 100 ಮೀಟರ್, ಮಿತಿಯ ಒಳಗೆ 50 ಮೀಟರ್ ಜಾಗದಲ್ಲಿ ಕಟ್ಟಡ ಏಳುವಂತಿಲ್ಲ. ಇದನ್ನು ನಡಿಗಡ್ಡದಲ್ಲಿ ಪ್ಲಾಟು ಕೊಳ್ಳುವವರಲ್ಲಿ ಎಷ್ಟು ಜನ ಕೇಳಿದ್ದಾರೆ? ‘ರಿವರ್ ವ್ಯೂ’ ಎಂದು ಬರೆದ ಫಲಕ ಕಂಡರೆ ಟೇಪು ಹಿಡಿದು ಅಳೆಯುವ ಹಕ್ಕು ಕೊಳ್ಳುವವನಿಗಿದೆ.

ಕ್ರಯಪತ್ರದಲ್ಲಿ ನಾಲ್ಕೂ ದಿಕ್ಕಿನ ಚಕ್ಬಂದಿ ಬರೆಯುತ್ತಾರೆ, ನೆರೆಯ ನೀರು ಎಲ್ಲಿವರೆಗೆ ಬಂದಿತ್ತು ಎಂದು ಬರೆಯಲು ಜಾಗವಿಲ್ಲ. 2009ರ ನೀರಿನ ಮಟ್ಟ ರಾಜೋಳಿ, ಆಲಂಪುರದ ಹಿರಿಯರಿಗೆ ಇನ್ನೂ ಗೋಡೆ ಗೋಡೆಯ ಲೆಕ್ಕದಲ್ಲಿ ನೆನಪಿದೆ. ಅವರು ಇರುವಾಗಲೇ ಅದನ್ನು ಸರ್ವೆ ನಂಬರಿನ ಸಮೇತ ಬರೆಸಿ, ಪಂಚಾಯತಿಯಲ್ಲೂ ನೋಂದಣಿ ಕಚೇರಿಯಲ್ಲೂ ಮಾರುಕಟ್ಟೆ ಮೌಲ್ಯದ ಪಟ್ಟಿಯ ಪಕ್ಕದಲ್ಲೇ ಅಂಟಿಸಬೇಕು. ಅದಕ್ಕೆ ಹೊಸ ಕಾಯ್ದೆ ಬೇಡ, ಒಬ್ಬ ಸರ್ವೇಯರ್, ಊರಿಗಿಬ್ಬರು ಹಿರಿಯರು, ಒಂದು ಹಳೆಯ ನಕ್ಷೆ ಸಾಕು. ಮುಂದಿನ ಬೇಸಿಗೆಯಲ್ಲಿ ಬೀಜದ ಹಣ ಕೈಗೆ ಬಂದವರು ಪ್ಲಾಟು ನೋಡಲು ಹೊರಡುವ ಮೊದಲೇ ಆ ಕೆಲಸ ಆಗಲಿ.